ಸೈಬರ್ ನೀತಿಯ ‘ನಾರ್ಮ್’: ನಿಯಮವೋ, ರೂಢಿಯೋ, ಮರ್ಯಾದೆಯೋ?

ಎಲ್ಲರಿಗೂ ನಮಸ್ಕಾರ.

ಕಾರವಾರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಕ್ಕಳಿಗೆ ಅಂತರರಾಷ್ಟ್ರೀಯ ಸಂಬಂಧಗಳ ಪಾಠವನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಈಗ ಸೈಬರ್ ರಾಜತಾಂತ್ರಿಕತೆಯ ಅಧ್ಯಾಯ ನಡೆದಿದೆ. ‘ನಾರ್ಮ್’ (norm) ಎಂಬ ಒಂದು ಇಂಗ್ಲಿಷ್ ಪದ, ಅದಕ್ಕೆ ಸರಿಯಾದ ಕನ್ನಡ ಸಿಗದೆ, ಹದಿನೈದು ದಿನದಿಂದ ನನ್ನನ್ನು ಮುಂದೆ ಹೋಗಲು ಬಿಟ್ಟಿಲ್ಲ.

ವಿಶ್ವಸಂಸ್ಥೆಯ ಸರ್ಕಾರಿ ತಜ್ಞರ ಗುಂಪು 2015ರಲ್ಲಿ ಕೊಟ್ಟ ವರದಿಯಲ್ಲಿ, ಸೈಬರ್ ಲೋಕದಲ್ಲಿ ದೇಶಗಳು ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ 11 ನಾರ್ಮ್‌ಗಳಿವೆ. ತನ್ನ ನೆಲದಿಂದ ಬೇರೆ ದೇಶದ ಮೇಲೆ ಸೈಬರ್ ಕಿಡಿಗೇಡಿತನ ನಡೆಯುತ್ತಿದೆ ಎಂದು ಗೊತ್ತಿದ್ದೂ ಸುಮ್ಮನಿರಬಾರದು. ಜನಜೀವನಕ್ಕೆ ಆಧಾರವಾದ ಮೂಲಸೌಕರ್ಯಗಳನ್ನು ಕೆಡಿಸಬಾರದು. ಇನ್ನೊಂದು ದೇಶದ ಸೈಬರ್ ತುರ್ತು ತಂಡಕ್ಕೆ ಹಾನಿ ಮಾಡಬಾರದು, ಹೀಗೆ. 2021ರಲ್ಲಿ ಎಲ್ಲ ಸದಸ್ಯ ದೇಶಗಳಿಗೂ ತೆರೆದಿದ್ದ ಕಾರ್ಯತಂಡ ಇವನ್ನು ಒಮ್ಮತದಿಂದ ಮತ್ತೆ ಎತ್ತಿಹಿಡಿಯಿತು. ಆದರೆ ಇವು ದೇಶಗಳು ತಾವಾಗಿ ಒಪ್ಪಿಕೊಂಡವು, ಕಾನೂನಿನ ಬಲ ಇವಕ್ಕಿಲ್ಲ.

ಮೊದಲು ‘ನಿಯಮ’ ಎಂದೇ ಬರೆದಿದ್ದೆ. ಓದಿದ ಹುಡುಗಿಯೊಬ್ಬಳು, “ಸರ್, ನಿಯಮ ಅಂದ್ಮೇಲೆ ಮುರಿದವರಿಗೆ ಶಿಕ್ಷೆ ಏನು?” ಎಂದು ಕೇಳಿದಳು. ಅವಳ ಪ್ರಶ್ನೆ ಸರಿಯಾಗಿಯೇ ಇತ್ತು, ತಪ್ಪಿದ್ದು ನನ್ನ ಪದ. 2001ರ ಬುಡಾಪೆಸ್ಟ್ ಒಡಂಬಡಿಕೆ ಹಾಗಲ್ಲ. ಅದಕ್ಕೆ ಸೇರಿದ ದೇಶ ಸೈಬರ್ ಅಪರಾಧದ ಬಗ್ಗೆ ತನ್ನಲ್ಲಿ ಕಾನೂನು ಮಾಡಲೇಬೇಕು. (ಭಾರತ ಅದಕ್ಕೆ ಸೇರಿಲ್ಲ.) ಎರಡಕ್ಕೂ ‘ನಿಯಮ’ ಎಂದರೆ ಓದುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

‘ಕಟ್ಟಳೆ’, ‘ಕಟ್ಟುಪಾಡು’ ನೋಡಿದೆ. ಪದದೊಳಗೇ ಕಟ್ಟು ಇದೆ. ‘ಮಾನದಂಡ’ ಅಳೆಯುವ ಕೋಲು. ‘ಶಿಷ್ಟಾಚಾರ’ವನ್ನು ರಾಯಭಾರಿಗಳ ಸ್ವಾಗತ ಸತ್ಕಾರ ಆಗಲೇ ಹಿಡಿದುಕೊಂಡಿದೆ. ‘ರೂಢಿ’ ಹತ್ತಿರ ಬರುತ್ತದೆ, ಆದರೆ ರೂಢಿ ಎಂದರೆ ಹಿಂದಿನಿಂದ ನಡೆದುಬಂದದ್ದು. ಇವು ಮುಂದೆ ಹೀಗೆ ನಡೆಯೋಣ ಎಂದು ಈಗ ಆಡಿಕೊಂಡ ಮಾತು.

ಮೊನ್ನೆ ಮಾಜಾಳಿಯಲ್ಲಿ ರಾಂಪಣಿ ಬಲೆ ಎಳೆಯುತ್ತಿದ್ದರು. ನಾನೂ ಹಗ್ಗಕ್ಕೆ ಕೈಕೊಟ್ಟೆ. ಬಲೆ ದಡಕ್ಕೆ ಬಂದ ಮೇಲೆ ಹಿರಿಯರೊಬ್ಬರು ಕರೆದು ನನ್ನ ಚೀಲಕ್ಕೂ ನಾಲ್ಕು ಬಂಗಡೆ ಹಾಕಿದರು. ಇದು ಎಲ್ಲಾದರೂ ಬರೆದಿಟ್ಟದ್ದೇ ಎಂದು ಕೇಳಿದೆ. “ಬರೆಯೋದೆಂಥದು ಮಾಸ್ತರೆ? ಕೈ ಹಾಕಿದವನಿಗೆ ಕೊಡದೆ ಕಳಿಸಿದ್ರೆ ನಾಳೆ ನಮ್ಮ ಹಗ್ಗ ಹಿಡಿಯೋಕೆ ಯಾರು ಬರ್ತಾರೆ?” ಎಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿ ಕಡಲಿಗೆ ಇಳಿಯಕೂಡದು ಎಂಬುದು ಸರ್ಕಾರದ ಆದೇಶ, ಮುರಿದರೆ ದಂಡ. ಆ ನಾಲ್ಕು ಬಂಗಡೆಯ ಹಿಂದೆ ಅಂಥ ಆದೇಶ ಯಾವುದೂ ಇಲ್ಲ, ಆದರೂ ಅದು ತಪ್ಪುವುದಿಲ್ಲ. ನಾರ್ಮ್ ನನಗೆ ಅರ್ಥವಾದದ್ದು ಅಲ್ಲಿ.

ಅವರು ಅದನ್ನು ‘ಮರ್ಯಾದೆ’ ಎಂದರು. ಸಂಸ್ಕೃತದಲ್ಲಿ ಅದಕ್ಕೆ ಎಲ್ಲೆ, ದಡ ಎಂಬ ಅರ್ಥ. ಕಡಲು ಮೀರದೆ ನಿಲ್ಲುವ ಗೆರೆ. ನಮ್ಮ ಶಾಸನಗಳ ‘ಪೂರ್ವಮರ್ಯಾದೆ’ಯಲ್ಲಿ ನಡೆದುಬಂದ ಕ್ರಮ ಎಂಬ ಅರ್ಥ ಇದೆ. ಆದರೆ ಬರೀ ‘ಮರ್ಯಾದೆ’ ಎಂದಾಗ ಮಕ್ಕಳಿಗೆ ಕೇಳಿಸಿದ್ದು ‘ಗೌರವ’. ಅದಕ್ಕೇ ‘ನಡೆಮರ್ಯಾದೆ’ ಎಂದು ಕೂಡಿಸಿ ನೋಡಿದ್ದೇನೆ: “ಸೈಬರ್ ಲೋಕದಲ್ಲಿ ದೇಶಗಳ ನಡೆಮರ್ಯಾದೆ.” ನನ್ನ ಕಿವಿಗೆ ಒಗ್ಗಿದೆ. ಶಿರಸಿಯ ಗೆಳೆಯರೊಬ್ಬರು ‘ಒಪ್ಪಿತ ನಡೆ’ ಸಾಕು ಎನ್ನುತ್ತಾರೆ. ಅದು ಸರಳ, ನಿಜ. ಆದರೆ ಮೀರಿದರೆ ಹೆಸರು ಕೆಡುತ್ತದೆ ಎಂಬ ಅಳುಕು ಅದರಲ್ಲಿಲ್ಲ.

ಇದಕ್ಕೆ ಅಂಟಿಕೊಂಡೇ ಕ್ರಿಯಾಪದದ ತೊಡಕಿದೆ. ಇಂಗ್ಲಿಷ್ ಕಾಯ್ದೆಯ ‘ಶಲ್’ಗೆ (shall) ನಮ್ಮಲ್ಲಿ ‘ತಕ್ಕದ್ದು’ ಗಟ್ಟಿಯಾಗಿ ನಿಂತಿದೆ. ಈ 11ರಲ್ಲಿ ಇರುವುದು ಅದಕ್ಕಿಂತ ಮೆತ್ತಗಿನ ‘ಶುಡ್’ (should). ಮೇಲೆ ನಾನೇ ‘ಬಾರದು’ ಎಂದು ಬರೆದಿದ್ದೇನೆ, ಅದು ಅಪ್ಪಣೆಯಂತಿದೆ. “ಗೊತ್ತಿದ್ದೂ ಸುಮ್ಮನಿರುವುದು ತರವಲ್ಲ” ಎಂದರೆ ತೂಕ ಸರಿಹೋಗುತ್ತದೆಯೇ?

ಇನ್ನೊಂದು, ಚಿಕ್ಕದು. ಅಮೆರಿಕದ ‘ಸೈಬರ್ ಡಿಪ್ಲೊಮಸಿ ಆಕ್ಟ್’ ಅನ್ನು ಕಾಯ್ದೆ ಎಂದು ಬರೆದುಬಿಟ್ಟಿದ್ದೆ. ಅಲ್ಲಿ ಅಂಗೀಕಾರಕ್ಕೆ ಮೊದಲೇ ಹೆಸರಿನಲ್ಲಿ ‘ಆಕ್ಟ್’ ಇರುತ್ತದೆ. 2018ರಲ್ಲೂ 2021ರಲ್ಲೂ ಅದು ಪ್ರತಿನಿಧಿ ಸಭೆಯನ್ನು ದಾಟಿತು, ಆದರೆ ಆ ಹೆಸರಿನ ಪ್ರತ್ಯೇಕ ಕಾಯ್ದೆಯಾಗಲಿಲ್ಲ. ಅದರ ಬಹಳಷ್ಟು ವಿಷಯ 2022ರ ಡಿಸೆಂಬರಿನ ರಕ್ಷಣಾ ಕಾಯ್ದೆಯೊಳಗೆ ಸೇರಿತು. ಹಾಗಾಗಿ ‘ಸೈಬರ್ ರಾಜತಾಂತ್ರಿಕತೆ ಮಸೂದೆ’ ಎಂದು ತಿದ್ದಿದ್ದೇನೆ. ಮೂಲದ ಹೆಸರನ್ನು ಹೀಗೆ ಬದಲಿಸುವುದು ಸರಿಯೇ?

‘ನಡೆಮರ್ಯಾದೆ’ ಮೊದಲೇ ಎಲ್ಲಾದರೂ ಬಳಕೆಯಲ್ಲಿದ್ದರೆ, ಬೇರೆ ಅರ್ಥದಲ್ಲಾದರೂ ಸರಿ, ದಯವಿಟ್ಟು ತಿಳಿಸಿ. ಕುಮಟಾ, ಹೊನ್ನಾವರ, ಭಟ್ಕಳದ ಕಡೆ ಬಲೆ ಎಳೆದವರ ಪಾಲಿಗೆ ಏನೆನ್ನುತ್ತಾರೆ ಎಂಬುದೂ ನನಗೆ ಬೇಕು.