ಮರದ ಮೇಜಿಗೆ ಎಣ್ಣೆ ಹಚ್ಚಬೇಕಾ, ಬೇಡವಾ?

ಸಂಜೆಮಲ್ಲಿಗೆ: ಊಟದ ಮೇಜಿನ ಮೇಲೆ ಬಿಸಿ ಪಾತ್ರೆ ಇಟ್ಟ ಜಾಗದಲ್ಲಿ ಬೆಳ್ಳಗೆ ಉಂಗುರದಂಥ ಕಲೆ ಕೂತಿದೆ. ವಾರಕ್ಕೊಮ್ಮೆ ಪಾಲಿಶ್ ಸ್ಪ್ರೇ ಹೊಡೆದು ಒರೆಸುತ್ತೇನೆ, ಆದರೂ ಈಗೀಗ ಮೇಜು ಮಂಕಾಗಿದೆ, ಕೈ ಇಟ್ಟರೆ ಅಂಟು ಅಂಟು ಅನ್ನಿಸುತ್ತದೆ. ಪಕ್ಕದ ಟಿವಿ ಕಪಾಟೂ ಮರದ ಹಾಗೇ ಕಾಣುತ್ತದೆ, ಅದಕ್ಕೂ ಇದೇ ಸ್ಪ್ರೇ ಹಾಕುತ್ತಿದ್ದೇನೆ. ಅದರ ಒಂದು ಮೂಲೆ ಯಾಕೋ ಉಬ್ಬಿಕೊಂಡಿದೆ. ಎರಡಕ್ಕೂ ಏನು ಮಾಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇಕಪಾಟು: ಮೇಡಂ, ಮಂಕಾಗಿದೆ ಅಂದರೆ ಮರ ಒಣಗಿದೆ ಅಂತಲೇ ಅರ್ಥ. ಸ್ಪ್ರೇ ಬಿಟ್ಟುಬಿಡಿ. ಅಡುಗೆ ಎಣ್ಣೆಗೆ ಅಷ್ಟೇ ವಿನೆಗರ್ ಬೆರೆಸಿ ಬಟ್ಟೆಯಲ್ಲಿ ತೆಳ್ಳಗೆ ತಿಕ್ಕಿ. ಮರ ಎಣ್ಣೆ ಕುಡಿದ ಮೇಲೆ ನೋಡಿ, ಹೊಸದರ ಹಾಗೆ ಹೊಳೆಯುತ್ತದೆ. ನಮ್ಮ ಮನೆಯಲ್ಲಿ ಅಜ್ಜಿ ಕಾಲದಿಂದ ಇದನ್ನೇ ಮಾಡುವುದು.

ಉಳಿಸುತ್ತಿಗೆ: ಹಳೇಕಪಾಟು ಅವರೇ, ಇದನ್ನು ಒಪ್ಪೋಕಾಗಲ್ಲ. ನಾನು ಮರಗೆಲಸ ಮಾಡುವವನು, ಪಾಲಿಶ್ ಕೆಲಸವೇ ಜಾಸ್ತಿ. ನಾವು ಒರೆಸುವುದು ಮರವನ್ನಲ್ಲ, ಅದರ ಮೇಲಿನ ಪಾಲಿಶ್ ಪದರವನ್ನು. ಪಿಯು (ಪಾಲಿಯುರೆಥೇನ್), ಲ್ಯಾಕರ್, ವಾರ್ನಿಶ್ ಯಾವುದೇ ಇರಲಿ, ಪದರ ಗಟ್ಟಿಯಾಗಿದ್ದರೆ ಎಣ್ಣೆ ಒಳಗೆ ಇಳಿಯುವುದೇ ಇಲ್ಲ. ಮೇಲೇ ನಿಲ್ಲುತ್ತದೆ. ಅಡುಗೆಗೆ ಬಳಸುವ ಎಣ್ಣೆಗಳಲ್ಲಿ ಹೆಚ್ಚಿನವು ಗಟ್ಟಿಯಾಗಿ ಒಣಗುವಂಥವಲ್ಲ. ಮೊದಲ ದಿನ ಹೊಳೆಯುತ್ತದೆ ನಿಜ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ, ಕೆಲವು ಎಣ್ಣೆ ಕಮಟು ವಾಸನೆಯನ್ನೂ ಬಿಡುತ್ತವೆ. ಈಗಾಗಲೇ ಅಂಟಾಗಿರುವ ಮೇಜಿಗೆ ಮತ್ತೆ ಎಣ್ಣೆ ಹಾಕಿ ಅನ್ನುತ್ತೀರಲ್ಲ!

ಮೇಡಂ, ಮೊದಲು ಒಂದು ಕೆಲಸ ಮಾಡಿ. ಮೇಜಿನ ಮೇಲ್ಮೈಗೆ ಹಾಕಿದ ಪಾಲಿಶ್ಶೇ ಇರುವ ಒಂದು ಮರೆಯ ಜಾಗ ಹುಡುಕಿ ಒಂದು ಹನಿ ನೀರು ಬಿಡಿ. ಹನಿ ಮುತ್ತಿನ ಹಾಗೆ ನಿಂತರೆ ಮೇಲೆ ಪದರ ಇದೆ. ಸ್ವಲ್ಪ ಹೊತ್ತಿಗೆ ಒಳಗೆ ಇಂಗಿ ಆ ಜಾಗ ಕಪ್ಪಾದರೆ ಅದು ಬರೀ ಮರ, ಇಲ್ಲಾ ಎಣ್ಣೆ ಹಾಕಿದ್ದು ಸವೆದಿದೆ. ಇದು ಗೊತ್ತಾಗದೆ ಯಾರು ಏನೇ ಹೇಳಿದರೂ ಹಚ್ಚಬೇಡಿ.

ಹಳೇಕಪಾಟು: ಹಾಗಾದರೆ ಹಿಂದಿನವರು ಅಗಸೆ ಎಣ್ಣೆ ಹಾಕುತ್ತಿದ್ದದ್ದು ಸುಮ್ನೆನಾ? ಎಣ್ಣೆ ಹಾಕಿದ ಮರ ಎಷ್ಟು ವರ್ಷ ಬಾಳಿದೆ ಅಂತ ಕಣ್ಣಾರೆ ಕಂಡಿದ್ದೇವೆ. ಅಂಗಡಿಯಲ್ಲಿ ಸಿಗುವ ಸ್ಪ್ರೇಗಿಂತ ಅದೇ ವಾಸಿ.

ಉಳಿಸುತ್ತಿಗೆ: ಸುಮ್ನೆ ಅಲ್ಲ. ಅಗಸೆ ಎಣ್ಣೆ ಬೇರೆಯದೇ ಜಾತಿ. ಅದು ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಬರೀ ಮರಕ್ಕೆ, ಅಥವಾ ಮೊದಲಿಂದ ಎಣ್ಣೆಯನ್ನೇ ಹಾಕಿರುವ ಮೇಜಿಗೆ ಆಗಾಗ ತೆಳ್ಳಗೆ ಹಚ್ಚಿ, ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಬೇಕು. ಅಲ್ಲಿ ನಿಮ್ಮ ಮಾತು ಸರಿ. ಆದರೆ ಪಿಯು ಪದರದ ಮೇಲೆ ಅದಕ್ಕೂ ಕೆಲಸವಿಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹಗುರವಾಗಿ ತಗೋಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ಕೂಡಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗಡೆ ಅಗಲವಾಗಿ ಹರಡಿ ಒಣಗಿಸಿ, ಇಲ್ಲಾ ನೀರಲ್ಲಿ ಮುಳುಗಿಸಿಡಿ.

ತಿಳಿನೀರು: ಇಷ್ಟೆಲ್ಲ ಯಾಕೆ? ಮರಕ್ಕೆ ನೀರೂ ಬೇಡ, ಎಣ್ಣೆಯೂ ಬೇಡ. ಒಣ ಬಟ್ಟೆಯಲ್ಲಿ ದಿನಾ ಒರೆಸಿದರೆ ಸಾಕು ಅಲ್ವಾ?

ನೀಲಿಬಾಗಿಲು: ಒಣ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಧೂಳಿನ ಮರಳು ಕಣಗಳೇ ಗೀರು ಹಾಕುತ್ತವೆ. ಹೊಳಪಿನ ಕಪ್ಪು ಕಪಾಟನ್ನು ಬೆಳಕಿಗೆ ಓರೆಯಾಗಿ ನೋಡಿ, ಸುತ್ತು ಸುತ್ತಾಗಿ ಕೂದಲೆಳೆಯಂಥ ಗೆರೆಗಳು ಕಾಣುತ್ತವೆ. ಹೆಚ್ಚಿನವು ಒರೆಸಿ ಒರೆಸಿ ಬಂದವೇ. ಮೈಕ್ರೋಫೈಬರ್ ಬಟ್ಟೆಯನ್ನು ಒದ್ದೆ ಮಾಡಿ, ಒಂದು ಹನಿಯೂ ಬೀಳದ ಹಾಗೆ ಹಿಂಡಿ, ಮರದ ಗೆರೆ ಇರುವ ದಿಕ್ಕಿಗೇ ಒರೆಸಿ. ಹಿಂದೆಯೇ ಒಣ ಬಟ್ಟೆ. ಜಿಡ್ಡು ಇದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಮೂರು ಹನಿ. ಮರಕ್ಕೆ ಕೆಡುಕು ನೀರು ನಿಂತರೆ, ತೇವದ ಬಟ್ಟೆ ತಾಗಿದರೆ ಅಲ್ಲ.

ಸಂಜೆಮಲ್ಲಿಗೆ ಅವರೇ, ನಿಮ್ಮ ಟಿವಿ ಕಪಾಟಿನ ಬಗ್ಗೆ ಯಾರೂ ಮಾತಾಡಲೇ ಇಲ್ಲ. ಅದು ಮರ ಅಲ್ಲ ಅಂತ ನನ್ನ ಗುಮಾನಿ. ಬಾಗಿಲ ಅಂಚು ನೋಡಿ. ಮೇಲಿನ ಗೆರೆ ಅಂಚಿನಲ್ಲೂ ಮುಂದುವರಿದಿದೆಯಾ, ಇಲ್ಲಾ ಅಂಚಿಗೆ ಬೇರೆ ಪಟ್ಟಿ ಅಂಟಿಸಿದ್ದಾರಾ? ಒಂದೇ ಗಂಟಿನ ಚಿತ್ರ ಎರಡು ಬಾಗಿಲಲ್ಲೂ ತದ್ರೂಪು ಬಂದಿದೆಯಾ?

ಸಂಜೆಮಲ್ಲಿಗೆ: ನೋಡಿದೆ. ಮೇಜಿನ ಮೇಲೆ ನೀರಿನ ಹನಿ ಹಾಗೇ ನಿಂತಿತ್ತು, ಇಂಗಲಿಲ್ಲ. ಕಪಾಟಿನ ಅಂಚಿಗೆ ತೆಳು ಪಟ್ಟಿ ಅಂಟಿಸಿದ್ದಾರೆ, ಉಬ್ಬಿದ ಮೂಲೆಯಲ್ಲಿ ಅದು ಬಿಟ್ಟುಕೊಂಡಿದೆ. ಒಳಗೆ ಮರದ ಪುಡಿ ಒತ್ತಿದ ಹಾಗೆ ಕಾಣುತ್ತದೆ.

ನೀಲಿಬಾಗಿಲು: ಹಾಗಾದರೆ ಅದು ಪಾರ್ಟಿಕಲ್ ಬೋರ್ಡ್, ಮೇಲೆ ಲ್ಯಾಮಿನೇಟ್. ಮರದ ಚಿತ್ರ ಅಚ್ಚು ಹಾಕಿದ ಕಾಗದ, ಅದಕ್ಕೆ ಮೆಲಮೈನ್ ರಾಳದ ರಕ್ಷಣೆ. ಅದಕ್ಕೆ ಎಣ್ಣೆ, ಮೇಣ, ಪಾಲಿಶ್ ಯಾವುದೂ ಬೇಡ, ಹೀರಿಕೊಳ್ಳಲು ಅಲ್ಲಿ ಏನೂ ಇಲ್ಲ. ಸೋಪು ನೀರಿನ ಹಿಂಡಿದ ಬಟ್ಟೆ ಸಾಕು. ಪೆನ್ನಿನ ಗೀಟು ಬಿದ್ದರೆ ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಬಹುದು. ಸ್ಟೀಲ್ ನಾರು, ಪಾತ್ರೆ ತಿಕ್ಕುವ ಪುಡಿ, ಬಿಳಿ ಮ್ಯಾಜಿಕ್ ಸ್ಪಂಜು ದೂರ ಇಡಿ. ಆ ಸ್ಪಂಜು ಮೆತ್ತಗಿದ್ದರೂ ನುಣ್ಣನೆಯ ಸ್ಯಾಂಡ್ ಪೇಪರ್ ಥರಾನೇ ಕೆಲಸ ಮಾಡುತ್ತದೆ. ಮರವಾದರೆ ಉಜ್ಜಿ ಮತ್ತೆ ಪಾಲಿಶ್ ಮಾಡಬಹುದು, ಲ್ಯಾಮಿನೇಟ್ ಸವೆದರೆ ಚಿತ್ರವೇ ಹೋಗುತ್ತದೆ.

ಮೂಲೆ ಉಬ್ಬಿದ್ದು ಅಂಚಿನಿಂದ ನೀರು ಒಳಗೆ ಹೋಗಿ. ನೆಲ ಒರೆಸುವಾಗ ಕೆಳಗಿನ ಅಂಚು ನೆನೆಯುವುದನ್ನು ಯಾರೂ ಗಮನಿಸುವುದಿಲ್ಲ. ಒಮ್ಮೆ ಉಬ್ಬಿದ ಬೋರ್ಡ್ ಮತ್ತೆ ಮೊದಲಿನ ಹಾಗೆ ಆಗಲ್ಲ, ಇದು ಬೇಜಾರಿನ ಸಂಗತಿ. ಪೂರ್ತಿ ಒಣಗಲು ಬಿಟ್ಟು, ಬಿಟ್ಟ ಪಟ್ಟಿಯನ್ನು ಅಂಟಿಸಿ ಸಂದು ಮುಚ್ಚಿದರೆ ಇನ್ನಷ್ಟು ಕೆಡುವುದು ನಿಲ್ಲುತ್ತದೆ. ಮುಂದೆ ಸ್ಪ್ರೇ ಯಾವುದೇ ಇರಲಿ, ಬಟ್ಟೆಗೆ ಹೊಡೆದುಕೊಳ್ಳಿ. ನೇರ ಕಪಾಟಿಗೆ ಹೊಡೆದರೆ ಸಂದಿಗೆ ಇಳಿಯುತ್ತದೆ.

ಉಳಿಸುತ್ತಿಗೆ: ಸರಿಯಾಗಿ ಹೇಳಿದಿರಿ. ವೆನೀರ್ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಅದು ಪ್ಲೈನಂಥ ಹಲಗೆಯ ಮೇಲೆ ಅಂಟಿಸುವ ಮರದ ಹಾಳೆ. ನಿಜವಾದ ಮರವೇ, ಆದರೆ ಈಗಿನ ವೆನೀರ್ ಹೆಚ್ಚಾಗಿ 1 ಮಿಲಿಮೀಟರಿಗಿಂತ ತೆಳು. ಆರೈಕೆ ಮರದ್ದೇ, ಆದರೆ ಸ್ಯಾಂಡ್ ಪೇಪರ್ ಹಿಡಿದು ಉಜ್ಜಲು ಹೋದರೆ ಕೆಳಗಿನ ಪ್ಲೈ ಕಾಣಿಸಿಬಿಡುತ್ತದೆ.

ಈಗ ಮೇಜಿನ ಬಿಳಿ ಉಂಗುರ. ಬಿಳಿ ಕಲೆ ಅಂದರೆ ತೇವ ಪಾಲಿಶ್ ಪದರದಲ್ಲೇ ಸಿಕ್ಕಿಕೊಂಡಿದೆ, ಮರಕ್ಕೆ ಮುಟ್ಟಿಲ್ಲ. ಹೇರ್ ಡ್ರೈಯರನ್ನು ಸಣ್ಣ ಬಿಸಿಗೆ ಇಟ್ಟು, ಒಂದೇ ಕಡೆ ನಿಲ್ಲಿಸದೆ ಮೇಲಿಂದ ಆಡಿಸಿ. ಕಲೆ ನಿಧಾನಕ್ಕೆ ತೆಳುವಾಗುವುದು ಕಣ್ಣಿಗೇ ಕಾಣುತ್ತದೆ. ಅದಾಗದಿದ್ದರೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಒರೆಸಿ. ಕಲೆ ಕಪ್ಪಾಗಿದ್ದರೆ ಕಥೆಯೇ ಬೇರೆ. ನೀರು ಮರದವರೆಗೂ ಹೋಗಿದೆ ಅಂತ ಅರ್ಥ, ಮರದಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶಕ್ಕೆ ಕಬ್ಬಿಣದ ಅಂಶ ಸೇರಿ ಆದ ಬಣ್ಣ ಅದು. ಪಾಲಿಶ್ ತೆಗೆದು ಆಕ್ಸಾಲಿಕ್ ಆಸಿಡ್ಡಿನಲ್ಲಿ ತೊಳೆಯಬೇಕಾಗುತ್ತದೆ. ಅದು ವಿಷ, ಕೆಲಸ ಗೊತ್ತಿದ್ದವರಿಗೇ ಬಿಡಿ.

ತಿಳಿನೀರು: ಸ್ಪಿರಿಟ್ಟಿನಲ್ಲಿ ಮೇಜನ್ನೂ ಒರೆಸಬಹುದಾ? ಅಂಟು ಬೇಗ ಹೋಗುತ್ತದಲ್ಲ.

ಉಳಿಸುತ್ತಿಗೆ: ದಯವಿಟ್ಟು ಬೇಡ. ಹಳೇ ಮೇಜಿಗೆ ಅರಗಿನ ಪಾಲಿಶ್ ಇದ್ದರೆ ಸ್ಪಿರಿಟ್ ಅದನ್ನೇ ಕರಗಿಸುತ್ತದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಆ ಪಾಲಿಶ್ ಮಾಡುವುದು. ಕೈಗೆ ಹಾಕುವ ಸ್ಯಾನಿಟೈಸರ್ ಬಿದ್ದರೂ ಅದೇ ಗತಿ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಕೂಡ ಅರಗಿಗೆ ಆಗದು.

ಅಂಟಿಗೆ ಮೊದಲು ಸೋಪು ನೀರಿನ ಹಿಂಡಿದ ಬಟ್ಟೆ. ಹೋಗದಿದ್ದರೆ ಟರ್ಪೆಂಟೈನನ್ನು ಬಟ್ಟೆಗೆ ಸ್ವಲ್ಪ ಹಾಕಿ ಮರೆಯ ಜಾಗದಲ್ಲಿ ಪರೀಕ್ಷಿಸಿ, ಕಿಟಕಿ ತೆರೆದು, ಬೆಂಕಿ ಹತ್ತಿರ ಇಲ್ಲದಾಗ ಒರೆಸಿ. ಬಟ್ಟೆಗೆ ಕಂದು ಜಿಡ್ಡು ಬರುತ್ತಾ ಇದ್ದರೆ ಅದು ಸ್ಪ್ರೇಯ ಪದರ ಮತ್ತು ಕೊಳೆ. ಒರೆಸಿದ ಮೇಲೂ ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತಿದ್ದರೆ ಪಾಲಿಶ್ಶೇ ಮೆತ್ತಗಾಗಿದೆ. ಕುರ್ಚಿಯ ಕೈ ಇಡುವ ಜಾಗದಲ್ಲಿ ಬೆವರಿನ ಜಿಡ್ಡಿನಿಂದ ಹೀಗಾಗುವುದು ಜಾಸ್ತಿ. ಆಗ ಹೊಸ ಪಾಲಿಶ್ ಮಾಡಿಸಲೇಬೇಕು.

ಹಳೇಕಪಾಟು: ಪದರ ಇರುವ ಮೇಜಿಗೆ ಎಣ್ಣೆ ಬೇಡ ಅನ್ನುವುದನ್ನು ಒಪ್ಪಿದೆ. ಆದರೆ ಜೇನುಮೇಣ? ಅದನ್ನೂ ಬೇಡ ಅಂದರೆ ನಾನು ಕೇಳುವುದಿಲ್ಲ.

ಉಳಿಸುತ್ತಿಗೆ: ಮೇಣ ಬೇಡ ಅನ್ನಲ್ಲ. ವರ್ಷಕ್ಕೊಮ್ಮೆ ತೀರಾ ತೆಳ್ಳಗೆ ಹಚ್ಚಿ, ಚೆನ್ನಾಗಿ ತಿಕ್ಕಿ ಹೊಳಪು ತಂದರೆ ಸಣ್ಣ ಗೀರು ಮರೆಯಾಗುತ್ತದೆ, ಒರೆಸುವ ಬಟ್ಟೆ ಸಲೀಸಾಗಿ ಜಾರುತ್ತದೆ. ನನ್ನ ತಕರಾರು ಸಿಲಿಕೋನ್ ಇರುವ ಸ್ಪ್ರೇ ಬಗ್ಗೆ. ಅದು ಬಿರುಕುಗಳಲ್ಲಿ ಕೂತುಬಿಟ್ಟರೆ ಮುಂದೆ ಹೊಸ ಪಾಲಿಶ್ ಹೊಡೆಯುವಾಗ ಆ ಜಾಗದಲ್ಲಿ ಪಾಲಿಶ್ ಹಿಡಿಯದೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಡಬ್ಬಿ ಮೇಲೆ ಓದಿ ತಗೊಳ್ಳಿ.

ಹಳೇಕಪಾಟು: ವರ್ಷಕ್ಕೊಮ್ಮೆ ಸಾಲದು. ದಿನಾ ಬಳಸುವ ಮೇಜಿಗೆ ಎರಡು ಸಲವಾದರೂ ಬೇಕು.

ಉಳಿಸುತ್ತಿಗೆ: ಹಳೆಯ ಮೇಣ ಒರೆಸಿ ತೆಗೆದು ಹಚ್ಚುವುದಾದರೆ ಎರಡು ಸಲ ಹಚ್ಚಿ. ಒಂದರ ಮೇಲೊಂದು ಬಳಿದರೆ ಮತ್ತೆ ಅದೇ ಅಂಟು.

ಸಂಜೆಮಲ್ಲಿಗೆ: ಹೇರ್ ಡ್ರೈಯರ್ ಹಿಡಿದೆ, ಉಂಗುರ ಮುಕ್ಕಾಲು ಪಾಲು ಹೋಗಿದೆ. ಉಳಿದದ್ದಕ್ಕೆ ರಾತ್ರಿ ಜೆಲ್ಲಿ ಹಚ್ಚಿಡುತ್ತೇನೆ. ಸೋಪು ನೀರಿಗೇ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು, ಟರ್ಪೆಂಟೈನ್ ಬೇಕಾಗಲಿಕ್ಕಿಲ್ಲ. ಕಪಾಟಿನ ಮೂಲೆ ಒಣಗಲಿ ಅಂತ ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೆದಿದ್ದೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.