ಏರಿದ್ದು ಯಾವ ಎಂಜೈಮ್?

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ನಡೆದ ಮಾತುಕತೆ ಇದು. ಬಸುರಿಯಾಗಿರುವ ದೀಪಾಳನ್ನು ಕೇಳಿಯೇ ಹಾಕುತ್ತಿದ್ದೇನೆ, ಹೆಸರುಗಳನ್ನು ಬದಲಾಯಿಸಿದ್ದೇನೆ. ಮಧ್ಯೆ ಬಂದ ಶುಭೋದಯದ ಚಿತ್ರಗಳನ್ನು, ಬರೀ ಇಮೋಜಿಗಳನ್ನು ತೆಗೆದಿದ್ದೇನೆ. ಮಂಜು ದೀಪಾಳ ಮನೆಯವನು. ಅನು ಅಂದರೆ ನಾನು. ರಕ್ತ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ.

ಸರೋಜ ಚಿಕ್ಕಮ್ಮ: (ಫಾರ್ವರ್ಡ್) ಗರ್ಭಿಣಿಯರೇ ಗಮನಿಸಿ!! ಈ ಸಮಯದಲ್ಲಿ ಮೆಟಬಾಲಿಸಂ ಎರಡು ಪಟ್ಟು ಆಗುತ್ತದೆ. ಲಿವರ್ ಎಂಜೈಮ್ ಏರುವುದು ಸಹಜ. ಡಾಕ್ಟರ್‌ಗಳು ಸುಮ್ನೆ ಹೆದರಿಸುತ್ತಾರೆ. ವಾರಕ್ಕೆ ಒಂದು ದಿನ ಬರೀ ನೀರು ಕುಡಿದು ಲಿವರ್‌ಗೆ ವಿಶ್ರಾಂತಿ ಕೊಡಿ. ಎಂಜೈಮ್ ತಾನಾಗಿಯೇ ಇಳಿಯುತ್ತದೆ. ತಪ್ಪದೆ ಎಲ್ಲ ತಾಯಂದಿರಿಗೂ ಕಳಿಸಿ.

ಸರೋಜ ಚಿಕ್ಕಮ್ಮ: ದೀಪಾ ನೋಡಮ್ಮ, ನಿನ್ನ ರಿಪೋರ್ಟಿಗೆ ಸರಿಯಾಗಿ ಬಂದಿದೆ. ಏನೂ ಆಗಲ್ಲ ಅಂತ ನಾನು ಅವತ್ತೇ ಹೇಳಿರಲಿಲ್ವಾ?

ದೀಪಾ: ಥ್ಯಾಂಕ್ಸ್ ಚಿಕ್ಕಮ್ಮ. ಸ್ವಲ್ಪ ಸಮಾಧಾನ ಆಯಿತು.

ಕಿರಣ್: ಇದನ್ನು ಬರೆದವರು ಯಾರು? ಎಲ್ಲಿಂದ ಬಂತು?

ಸರೋಜ ಚಿಕ್ಕಮ್ಮ: ಬಂತು ಎಲ್ಲಿಂದಲೋ. ಒಳ್ಳೆಯದಕ್ಕೆ ಕಳಿಸಿದರೂ ನಿನ್ನದು ಇದೇ ಪ್ರಶ್ನೆ.

ಕಿರಣ್: ಹೋದ ಸಲ ಫೋನ್ ಬ್ಯಾಟರಿ ಸಿಡಿಯುತ್ತದೆ ಅನ್ನುವ ಮೆಸೇಜಿಗೂ ಕೇಳಿದ್ದೆ. ಅದಕ್ಕೂ ಉತ್ತರ ಬರಲಿಲ್ಲ.

ದೊಡ್ಡಪ್ಪ: ಕಿರಣ್, ಹಿರಿಯರ ಹತ್ತಿರ ಮಾತಾಡುವ ರೀತಿ ಇದಲ್ಲ. ನಮ್ಮ ಕಾಲದಲ್ಲಿ ಎಂಜೈಮ್ ಗಿಂಜೈಮ್ ಅಂತ ಯಾರೂ ಅಳೆಯುತ್ತಿರಲಿಲ್ಲ. ಹೊಟ್ಟೆ ನೋಡಿಕೊಂಡು ತಿಂದರು, ಮಕ್ಕಳನ್ನು ಹೆತ್ತರು. ಈಗ ತಿನ್ನುವುದೂ ಅತಿ, ಪರೀಕ್ಷೆಯೂ ಅತಿ.

ಅನು: ದೀಪಾ, ನಿನ್ನ ರಿಪೋರ್ಟಿನಲ್ಲಿ ಏರಿದ್ದು ಯಾವುದು? ಲಿವರ್ ಎಂಜೈಮ್ ಅಂದರೆ ಒಂದೇ ಅಲ್ಲ. ಹೆಸರು ಹೇಳು.

ದೀಪಾ: ಎಎಲ್‌ಪಿ ಅಂತ ಇದೆ ಅನು ಅಕ್ಕ. 210. ಪಕ್ಕದಲ್ಲಿ ಕೆಂಪು ಬಾಣ. ಎಸ್‌ಜಿಪಿಟಿ, ಎಸ್‌ಜಿಒಟಿ ಎರಡಕ್ಕೂ ಬಾಣ ಇಲ್ಲ. ಇದು ಮೂರು ವಾರದ ಹಿಂದಿನ ರಿಪೋರ್ಟ್.

ಅನು: ಸರಿ, ಇದನ್ನು ಪೂರ್ತಿ ಓದು. ಎಎಲ್‌ಪಿ ಅನ್ನುವ ಎಂಜೈಮ್ ಬರೀ ಲಿವರ್‌ನಿಂದ ಬರುವುದಲ್ಲ. ಮೂಳೆಯಿಂದಲೂ ಬರುತ್ತದೆ, ಬಸುರಿಯಲ್ಲಿ ಮಾಸು, ಅಂದರೆ ಪ್ಲಾಸೆಂಟಾ, ಅದನ್ನು ತಯಾರಿಸುತ್ತದೆ. ಅದಕ್ಕೇ ಕೊನೆಯ ಮೂರು ತಿಂಗಳಲ್ಲಿ ಎಎಲ್‌ಪಿ ಮಾಮೂಲಿಗಿಂತ ಎರಡು ಪಟ್ಟು ಇದ್ದರೂ ಅದೊಂದನ್ನೇ ನೋಡಿ ಲಿವರ್ ಕೆಟ್ಟಿದೆ ಅನ್ನುವ ಹಾಗಿಲ್ಲ. ಹೆರಿಗೆಯಾದ ಕೆಲವು ವಾರಕ್ಕೆ ಇಳಿಯುತ್ತದೆ. ಆದರೆ ಲಿವರ್ ಜೀವಕೋಶಗಳಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ, ಎಸ್‌ಜಿಒಟಿ ಎಂಜೈಮ್‌ಗಳು ಹಾಗಲ್ಲ. ಬಸುರಿಯಲ್ಲಿ ಅವು ಮೊದಲಿನ ಮಟ್ಟದಲ್ಲೇ ಇರುತ್ತವೆ, ಇಲ್ಲಾ ಒಂಚೂರು ಕಡಿಮೆ. ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಶೇಕಡಾ 40ರಿಂದ 50 ಹೆಚ್ಚಿರುತ್ತದೆ ನೋಡು, ಅದರಿಂದ ಅಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಕೂಡ ಕಡಿಮೆ ಕಾಣುತ್ತದೆ. ಹಾಗಾಗಿ ಎಸ್‌ಜಿಪಿಟಿ ಏರಿದರೆ ಅದನ್ನು ಸಹಜ ಅಂತ ಬಿಡಬಾರದು. ಬಿಪಿ ಏರಿ ಲಿವರ್‌ಗೆ ಪೆಟ್ಟಾಗಿರಬಹುದು, ಹೆಪಟೈಟಿಸ್ ಇರಬಹುದು, ಲಿವರ್‌ನಲ್ಲಿ ದಿಢೀರಂತ ಕೊಬ್ಬು ಸೇರುವ ಕಾಯಿಲೆಯೂ ಇರಬಹುದು. ಅವತ್ತೇ ಡಾಕ್ಟರ್ ನೋಡಬೇಕು.

ಸರೋಜ ಚಿಕ್ಕಮ್ಮ: ನೋಡಿದ್ರಾ, ಅನು ಕೂಡ ಸಹಜ ಅಂತಲೇ ಹೇಳಿದಳು. ನಾನು ಕಳಿಸಿದ್ದೂ ಅದೇ.

ಕಿರಣ್: ಚಿಕ್ಕಮ್ಮ, ಅವಳು ಉಲ್ಟಾ ಹೇಳಿದ್ದಾಳೆ. ಪೂರ್ತಿ ಓದಿ.

ಸರೋಜ ಚಿಕ್ಕಮ್ಮ: ಕನ್ನಡಕ ಹಾಕಿಕೊಂಡೇ ಓದಿದ್ದೇನೆ. ನಿನ್ನ ಎಸ್‌ಜಿಒಟಿ ಏರಿದಾಗ ಕುಡಿತ ಇದೆಯಾ ಅಂತ ದೊಡ್ಡಪ್ಪ ಕೇಳಿದ್ದಕ್ಕೆ ಎಷ್ಟು ದಿನ ಮಾತು ಬಿಟ್ಟೆ? ಆಗ ಮೂಲ ಕೇಳಿದ್ಯಾ?

ಕಿರಣ್: ಅದನ್ನು ಈಗ ಯಾಕೆ ತೆಗೆಯುತ್ತೀರಿ? ನಾನು ಜಿಮ್‌ಗೆ ಸೇರಿದ ವಾರ ಅದು. ದೊಡ್ಡಪ್ಪ ಎಲ್ಲರ ಎದುರಿಗೆ ಕೇಳಿದರು.

ದೊಡ್ಡಪ್ಪ: ಕಾಳಜಿಯಿಂದ ಕೇಳಿದ್ದು. ನಿಮ್ಮಪ್ಪನಿಗೆ ಕೇಳುವ ಧೈರ್ಯ ಇರಲಿಲ್ಲ.

ಅನು: ದೊಡ್ಡಪ್ಪ, ಕಿರಣ್ ಹೇಳುವುದು ಸರಿ ಇರಬಹುದು. ಎಸ್‌ಜಿಒಟಿ ಮಾಂಸಖಂಡದಲ್ಲೂ ಇದೆ. ಅಭ್ಯಾಸ ಇಲ್ಲದವರು ಜಾಸ್ತಿ ಭಾರ ಎತ್ತಿದರೆ ಕೆಲವು ದಿನ ಅದು ಏರಿಯೇ ಇರುತ್ತದೆ, ಎಸ್‌ಜಿಪಿಟಿ ಕೂಡ ಸ್ವಲ್ಪ ಏರಬಹುದು. ಅಷ್ಟಕ್ಕೇ ಕುಡಿತದ ಮಾತು ಬರಬಾರದಿತ್ತು. ದಯವಿಟ್ಟು ಈಗ ದೀಪಾಳ ವಿಷಯಕ್ಕೆ ಬನ್ನಿ. ನನಗೆ ಶಿಫ್ಟ್ ಶುರು, ಸಂಜೆ ನೋಡುತ್ತೇನೆ. ದೀಪಾ, ಊಟ ಬಿಡಬೇಡ.

ಇಲ್ಲಿಂದ ಮುಂದಿನದ್ದು ನಾನಿಲ್ಲದಾಗ ನಡೆದದ್ದು.

ಕಿರಣ್: ನನ್ನ ವಿಷಯದಲ್ಲಿ ಯಾರಾದರೂ ಒಬ್ಬರು ಸರಿ ಅಂದರಲ್ಲ. ದೊಡ್ಡಪ್ಪ ಓದಿದರಾ?

ದೊಡ್ಡಪ್ಪ: ಓದಿದೆ. ಇಷ್ಟು ದಿನ ನೀನು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ ಅನ್ನುವುದೇ ಬೇಸರ.

ದೀಪಾ: ಅನು ಅಕ್ಕ, ಒಂದು ದಿನ ಮಾತ್ರ ನೀರಲ್ಲಿ ಇದ್ದರೂ ಬೇಡವಾ? ಒಂದು ವಾರದಿಂದ ರಾತ್ರಿ ಅಂಗೈ ಅಂಗಾಲು ವಿಪರೀತ ತುರಿಸುತ್ತಿದೆ. ಗುಳ್ಳೆ ಏನೂ ಇಲ್ಲ. ಮಂಚದ ಪಟ್ಟಿಗೆ ಪಾದ ಉಜ್ಜಿ ಉಜ್ಜಿ ಚರ್ಮ ಕೆಂಪಾಗಿದೆ. ಲಿವರ್‌ಗೆ ವಿಶ್ರಾಂತಿ ಕೊಟ್ಟರೆ ಅದೂ ಹೋಗಬಹುದೇನೋ ಅಂತ.

ರಘು: ತುರಿಕೆ ಅಂದಾಗ ನೆನಪಾಯಿತು, ಅಜ್ಜಿ ಮನೆ ಅಟ್ಟದಲ್ಲಿ ರಜೆಗೆ ನಾವೆಲ್ಲ ಸಾಲಾಗಿ ಮಲಗುತ್ತಿದ್ದೆವಲ್ಲ, ಹಳೇ ಕಂಬಳಿ ಚುಚ್ಚಿ ರಾತ್ರಿಯಿಡೀ ಕೆರೆದುಕೊಳ್ಳುತ್ತಿದ್ದೆವು. ದೀಪಾ ಆಗ ಪುಟ್ಟ ಮಗು. ಎಂಥಾ ದಿನಗಳು.

ಸರೋಜ ಚಿಕ್ಕಮ್ಮ: ಆ ಕಂಬಳಿ ಈಗಲೂ ಇದೆ ರಘು. ನಿಮ್ಮಮ್ಮ ತೆಗೆದುಕೊಂಡು ಹೋದದ್ದು. ನಮಗೆ ಅಂತ ಅಜ್ಜಿ ಇಟ್ಟಿದ್ದನ್ನು.

ರಘು: ಕಂಬಳಿಗೂ ಲೆಕ್ಕವಾ ಚಿಕ್ಕಮ್ಮ?

ದೊಡ್ಡಪ್ಪ: ಅಟ್ಟದ ಫೋಟೋ ಯಾರ ಹತ್ತಿರವಾದರೂ ಇದ್ದರೆ ಹಾಕಿ.

ಆಮೇಲೆ ಫೋಟೋಗಳು. ಫೋಟೋದಲ್ಲಿ ಯಾರು ಯಾರ ಪಕ್ಕ ನಿಂತಿದ್ದಾರೆ, ಯಾರನ್ನು ಬಿಟ್ಟಿದ್ದಾರೆ ಅನ್ನುವ ಚರ್ಚೆ. ಕಂಬಳಿಯ ಬಗ್ಗೆಯೇ ಅಷ್ಟುದ್ದದ ವಾಯ್ಸ್ ಮೆಸೇಜ್. ದೀಪಾಳ ಸಂದೇಶ ಮೇಲೆ ಮೇಲೆ ಹೋಗಿ ಕಾಣದಾಯಿತು. ತುರಿಕೆಗೆ ಏನು ಮಾಡಬೇಕು ಅಂತ ಒಬ್ಬರೂ ಕೇಳಲಿಲ್ಲ. ಅವರು ಕೆಟ್ಟವರಲ್ಲ, ದೀಪಾಳಿಗಾಗಿ ಜೀವ ಬಿಡುವ ಜನ. ಅದಕ್ಕೇ ನನಗೆ ಇದು ಇಷ್ಟು ಸಂಕಟ ಕೊಡುತ್ತದೆ.

ಅನು: ಎಲ್ಲರೂ ಒಂದು ನಿಮಿಷ ನಿಲ್ಲಿ. ದೀಪಾ, ಫೋನ್ ತೆಗಿ.

ಅನು: ದೀಪಾ ಹತ್ತಿರ ಮಾತಾಡಿದೆ. ಇಲ್ಲಿ ಬರೆಯುವುದು ಉಳಿದವರಿಗೆ. ಏಳೆಂಟು ತಿಂಗಳಾದ ಬಸುರಿಗೆ ಗುಳ್ಳೆ ಇಲ್ಲದೆ ಅಂಗೈ ಅಂಗಾಲು ತುರಿಸಿ, ರಾತ್ರಿ ಅದು ಜಾಸ್ತಿ ಆದರೆ ಮೊದಲು ನೆನಪಾಗಬೇಕಾದದ್ದು ಲಿವರ್. ಹಾರ್ಮೋನ್ ಏರಿರುವಾಗ ಕೆಲವರಲ್ಲಿ ಪಿತ್ತರಸ ಲಿವರ್‌ನಿಂದ ಸರಿಯಾಗಿ ಹರಿಯುವುದಿಲ್ಲ. ಅದರಲ್ಲಿರುವ ಬೈಲ್ ಆಸಿಡ್ ರಕ್ತದಲ್ಲಿ ಸೇರುತ್ತದೆ. ಕೊಲೆಸ್ಟಾಸಿಸ್ ಅನ್ನುತ್ತಾರೆ. ಅದನ್ನು ಎಎಲ್‌ಪಿ ನೋಡಿ ಹೇಳಲಾಗದು, ಮಾಸು ಮೊದಲೇ ಅದನ್ನು ಏರಿಸಿರುತ್ತದಲ್ಲ. ಬೈಲ್ ಆಸಿಡ್ ಅಂತಲೇ ಬೇರೆ ಪರೀಕ್ಷೆ ಇದೆ, ಜೊತೆಗೆ ಎಸ್‌ಜಿಪಿಟಿ ಮತ್ತೆ ನೋಡಬೇಕು. ತಾಯಿಗೆ ಹೆರಿಗೆಯಾದ ಮೇಲೆ ಹೋಗುತ್ತದೆ. ಮಗುವಿನ ವಿಷಯದಲ್ಲಿ ಹಾಗೆ ಕಾಯುವಂತಿಲ್ಲ. ಬೈಲ್ ಆಸಿಡ್ ಲೀಟರ್‌ಗೆ 100 ಮೈಕ್ರೋಮೋಲ್ ಮುಟ್ಟಿದರೆ ಹೊಟ್ಟೆಯಲ್ಲೇ ಮಗು ತೀರಿಹೋಗುವ ಅಪಾಯ ಹೆಚ್ಚು. ಅದಕ್ಕೇ ಆ ಸಂಖ್ಯೆ ನೋಡಿಕೊಂಡು ಹೆರಿಗೆಯ ದಿನ ನಿರ್ಧರಿಸುತ್ತಾರೆ.

ಮಂಜು: ಅನು ಅಕ್ಕ, ನಾನು ಈ ಮೆಸೇಜ್ ಈಗ ನೋಡಿದೆ. ಬೆಳಿಗ್ಗೆ ಹೋದರೆ ಸಾಕಾ?

ಅನು: ಈಗಲೇ ಡಾಕ್ಟರ್‌ಗೆ ಫೋನ್ ಮಾಡು ಮಂಜು. ತುರಿಕೆ ಶುರುವಾಗಿ ವಾರ ಆಯಿತು, ಗುಳ್ಳೆ ಇಲ್ಲ, ಹಳೇ ರಿಪೋರ್ಟ್ ಅದಕ್ಕೂ ಮೊದಲಿನದು ಅಂತ ಇದೇ ಮಾತಲ್ಲಿ ಹೇಳು. ಮಗು ಮಾಮೂಲಿನಂತೆ ಒದೆಯುತ್ತಿದೆ ಅಂದಳು, ಅದನ್ನೂ ಹೇಳು.

ಸರೋಜ ಚಿಕ್ಕಮ್ಮ: ಅಯ್ಯೋ ದೇವರೇ. ಉಪವಾಸ ಮಾಡಿದಳಾ?

ಅನು: ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಚಿಕ್ಕಮ್ಮ. ಈಗ ತಿನ್ನಲು ಹೇಳಿದ್ದೇನೆ. ಲಿವರ್‌ಗೆ ರಜೆ ಕೊಡುವುದು ಅಂತ ಒಂದಿಲ್ಲ. ಊಟ ಬಿಟ್ಟರೆ ಅದರ ಕೆಲಸ ಹೆಚ್ಚುತ್ತದೆ. ಅದು ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಸುಮಾರು 100 ಗ್ರಾಂ ಅಷ್ಟೇ. ಮಗು ಹಗಲು ರಾತ್ರಿ ತಾಯಿಯ ಗ್ಲೂಕೋಸ್ ಎಳೆದುಕೊಳ್ಳುತ್ತಿರುತ್ತದೆ, ಹಾಗಾಗಿ ಬಸುರಿ ಹೆಂಗಸಿನ ಲಿವರ್ ಬೇರೆಯವರಿಗಿಂತ ಬೇಗ ಕೊಬ್ಬು ಕರಗಿಸಿ ಕೀಟೋನ್ ಅನ್ನುವ ಬದಲಿ ಇಂಧನ ಮಾಡಲು ಶುರು ಮಾಡುತ್ತದೆ. ವಾಂತಿ ವಿಪರೀತವಾಗಿ ಏನೂ ಸೇರದ ಬಸುರಿಯರಲ್ಲಿ ಎಸ್‌ಜಿಪಿಟಿ ಏರುತ್ತದೆ. ತೀರಾ ತಿನ್ನದೆ ಸೊರಗಿದವರಲ್ಲೂ ಏರುತ್ತದೆ.

ಕಿರಣ್: ಹಾಗಾದರೆ ಜಾಸ್ತಿ ತಿಂದರೆ ಏರುವುದಿಲ್ಲ ಅಂತಲಾ? ಮೂಲ?

ಅನು: ಅದರಿಂದಲೂ ಏರುತ್ತದೆ. 2008ರಲ್ಲಿ ಪ್ರಕಟವಾದ ಸ್ವೀಡನ್‌ನ ಒಂದು ಅಧ್ಯಯನ. ಆರೋಗ್ಯವಂತ 18 ಜನ ನಾಲ್ಕು ವಾರ ಫಾಸ್ಟ್ ಫುಡ್ ತಿಂದು ಊಟವನ್ನು ಎರಡು ಪಟ್ಟು ಮಾಡಿಕೊಂಡರು. ಮೊದಲು ಸರಾಸರಿ 22 ಇದ್ದ ಎಸ್‌ಜಿಪಿಟಿ, ಒಬ್ಬೊಬ್ಬರ ಗರಿಷ್ಠ ಮಟ್ಟದ ಸರಾಸರಿ ತೆಗೆದರೆ 97ಕ್ಕೆ ಹೋಯಿತು. ಅವರು ಬಸುರಿಯರಲ್ಲ, ಅತಿ ಊಟದ ಜೊತೆ ಓಡಾಟವನ್ನೂ ಕಡಿಮೆ ಮಾಡಿದ್ದರು. ಮೆಟಬಾಲಿಸಂ, ಅಂದರೆ ಮೈ ಶಕ್ತಿ ಖರ್ಚು ಮಾಡುವ ವೇಗ, ಎರಡು ಪಟ್ಟು ಅನ್ನುವುದೂ ಸುಳ್ಳು. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಲೆಕ್ಕ ಹಾಕಿದರು. ಬಸುರಿಯರು ಖರ್ಚು ಮಾಡುವ ಶಕ್ತಿ ಅವರ ಬೆಳೆದ ಮೈ ಗಾತ್ರಕ್ಕೆ ತಕ್ಕಷ್ಟೇ ಇತ್ತು. ಕೊನೆಯ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 450 ಕ್ಯಾಲೊರಿ ಜಾಸ್ತಿ ಸಾಕು. ಹಾಲೂಡಿಸುವಾಗ ಸುಮಾರು 500. ಇಬ್ಬರ ಊಟ ಒಬ್ಬಳೇ ಮಾಡುವುದೂ ಬೇಡ, ಒಂದು ಹೊತ್ತಿನ ಊಟ ಬಿಡುವುದೂ ಬೇಡ.

ದೊಡ್ಡಪ್ಪ: ಹಿತಮಿತ ಅಂತ ನಾನು ಬೆಳಿಗ್ಗೆಯೇ ಹೇಳಿದ್ದೆ.

ಅನು: ಹೇಳಿದ್ದಿರಿ ದೊಡ್ಡಪ್ಪ, ಅದು ಸರಿ. ಆದರೆ ಪರೀಕ್ಷೆ ಅತಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೈಲ್ ಆಸಿಡ್ ಅಳೆಯದ ಕಾಲದಲ್ಲೂ ಈ ತುರಿಕೆ ಇತ್ತು. ಕೆಲವು ಮಕ್ಕಳು ಉಳಿಯಲಿಲ್ಲ, ಯಾಕೆ ಅಂತ ತಾಯಂದಿರಿಗೆ ಗೊತ್ತಾಗಲಿಲ್ಲ.

ದೊಡ್ಡಪ್ಪ ಇದಕ್ಕೆ ಉತ್ತರ ಬರೆಯಲಿಲ್ಲ. ನಮ್ಮ ದೊಡ್ಡಮ್ಮನ ಮೊದಲ ಹೆರಿಗೆಯ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನಾನೂ ಎತ್ತಲಿಲ್ಲ.

ಮಂಜು: ಡಾಕ್ಟರ್ ಈಗಲೇ ಕರೆದುಕೊಂಡು ಬರಲು ಹೇಳಿದರು. ಹೊರಟೆವು.

ಸರೋಜ ಚಿಕ್ಕಮ್ಮ: ನಾನೂ ಬರುತ್ತೇನೆ, ಗೇಟ್ ಹತ್ತಿರ ಕಾರು ನಿಲ್ಲಿಸು. ಆ ಮೆಸೇಜ್ ಅಳಿಸಿದ್ದೇನೆ.

ರಘು: ಚಿಕ್ಕಮ್ಮ, ಬೆಳಿಗ್ಗೆಯೇ ಅದನ್ನು ಆಫೀಸ್ ಗುಂಪಿಗೆ ಹಾಕಿದ್ದೆ. ಅಲ್ಲಿ ಇಬ್ಬರು ಬಸುರಿಯರು ಇದ್ದಾರೆ.

ಅನು: ರಘು ಅಣ್ಣ, ಸುಮ್ನೆ ಅಳಿಸಬೇಡಿ. ಓದಿದವರಿಗೆ ಓದಿದ್ದು ತಲೆಯಲ್ಲೇ ಇರುತ್ತದೆ. ಅದರ ಕೆಳಗೆ ಬರೆಯಿರಿ: ಇದು ತಪ್ಪು, ಊಟ ಬಿಡಬೇಡಿ, ಎಸ್‌ಜಿಪಿಟಿ ಏರಿದ್ದರೆ ಅಥವಾ ಗುಳ್ಳೆ ಇಲ್ಲದೆ ಕೈಕಾಲು ತುರಿಸಿದರೆ ಇವತ್ತೇ ಡಾಕ್ಟರ್‌ಗೆ ಹೇಳಿ. ಅವರಿಬ್ಬರಿಗೆ ಫೋನ್ ಕೂಡ ಮಾಡಿ. ಮಂಜು, ರಿಪೋರ್ಟ್ ಬಂದ ಮೇಲೆ ಗುಂಪಿಗೆ ಬೇಡ, ನೇರವಾಗಿ ನನಗೆ ಕಳಿಸು.