ಆ ವಿಡಿಯೋ ತೆಗೆಯಿರಿ ಚಿಕ್ಕಪ್ಪ

ಗುಂಪು: ನಮ್ಮನೆ ಬಳಗ, ಶಿಡ್ಲಘಟ್ಟ
ಭಾನುವಾರ

ಚಿಕ್ಕಪ್ಪ, ಬೆಳಿಗ್ಗೆ 6:12
ವಿಡಿಯೋ. ಹಲವು ಬಾರಿ ಫಾರ್ವರ್ಡ್ ಆಗಿದೆ.
"ಕಾಲಿನ ಮಾಂಸಖಂಡ ಸುಮ್ನೆ ಅದುರುತ್ತಿದೆಯಾ? ಎಚ್ಚರ! ಇದು ಪ್ರಾಣ ತೆಗೆಯುವ ನರದ ಕಾಯಿಲೆಯ ಮೊದಲ ಲಕ್ಷಣ!"
ಎಲ್ಲರೂ ತಪ್ಪದೆ ನೋಡಿ. ಶುಭೋದಯ.

ನಾನು, 6:41
ಚಿಕ್ಕಪ್ಪ, ದಯವಿಟ್ಟು ಇದನ್ನು ತೆಗೆದುಬಿಡಿ.

ಚಿಕ್ಕಪ್ಪ, 6:44
ಯಾಕಮ್ಮ? ಕೆಟ್ಟದ್ದೇನೂ ಹಾಕಿಲ್ಲವಲ್ಲ. ನಾಲ್ಕು ಜನಕ್ಕೆ ತಿಳಿಯಲಿ ಅಂತ ಹಾಕಿದೆ. ಮುಂಚೆಯೇ ಗೊತ್ತಾದರೆ ಒಳ್ಳೆಯದಲ್ವಾ?

ನಾನು, 6:58
ನಿಮ್ಮ ಮನಸ್ಸು ಒಳ್ಳೆಯದೇ ಚಿಕ್ಕಪ್ಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಮ್ಮ ಇದನ್ನು 6:15ಕ್ಕೇ ನೋಡಿದ್ದಾನೆ. ಬೆಳಗಿನ ಸೊಪ್ಪು ಹಾಕುವ ಹೊತ್ತು, ರೇಷ್ಮೆ ಹುಳುಮನೆ ಮೆಟ್ಟಿಲ ಮೇಲೆ ಪಂಚೆ ಎತ್ತಿಕೊಂಡು ಕೂತು ಮೀನಖಂಡವನ್ನೇ ನೋಡುತ್ತಿದ್ದಾನೆ. ಏಳು ತಿಂಗಳಿಂದ ಹೀಗೇ ಇದೆ. ಅವನು ಸರಿ ಅಂದಿದ್ದಾನೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಪಕ್ಕದೂರಿನ ಮೇಷ್ಟ್ರು ಈ ವಿಡಿಯೋದಲ್ಲಿ ಹೇಳೋ ನರದ ಕಾಯಿಲೆಯಲ್ಲೇ, ಎ.ಎಲ್.ಎಸ್. ಅನ್ನುತ್ತಾರಲ್ಲ ಅದರಲ್ಲೇ, ತೀರಿಕೊಂಡರಲ್ಲ, ಮೊದಲು ಸೀಮೆಸುಣ್ಣ ಹಿಡಿಯೋಕೆ ಆಗದೆ ಹೋಗಿ ಆಮೇಲೆ ಹಾಸಿಗೆ ಹಿಡಿದರಲ್ಲ, ಅವರ ಮನೆಗೆ ಇವನು ದಿನಾ ಹಾಲು ಕೊಟ್ಟು ಬರುತ್ತಿದ್ದ. ಅವರು ತೀರಿಕೊಂಡ ಒಂದೇ ತಿಂಗಳೊಳಗೆ ಇವನ ಕಾಲು ಅದುರೋಕೆ ಶುರುವಾಯಿತು.

ಚಿಕ್ಕಪ್ಪ, 7:03
ನನಗೆ ಯಾರೂ ಹೇಳಲೇ ಇಲ್ಲ.

ಅಣ್ಣ, 7:10
ಬೆಂಗಳೂರಿಗೆ ಕರೆದುಕೊಂಡು ಬಾ. ಎಂಆರ್‌ಐ ಮಾಡಿಸಿಬಿಡೋಣ, ದುಡ್ಡು ನಾನು ಕೊಡುತ್ತೇನೆ. ಒಂದು ಸಲ ಖಾತ್ರಿಯಾದರೆ ಮುಗಿಯಿತಲ್ಲ.

ನಾನು, 7:14
ಎಲ್ಲಿ ಮುಗಿಯುತ್ತದೆ ಅಣ್ಣ? ಇಬ್ಬರು ನರದ ಡಾಕ್ಟರು ನೋಡಿದ್ದಾರೆ. ಮಾಂಸಖಂಡಕ್ಕೆ ಸೂಜಿ ಹಾಕಿ ನೋಡುವ ಇಎಂಜಿ ಪರೀಕ್ಷೆ ಎರಡು ಸಲ ಆಗಿದೆ. ಎರಡೂ ನಾರ್ಮಲ್. ಒಂದು ಬೆಳೆ ಗೂಡಿನ ದುಡ್ಡು ಪರೀಕ್ಷೆಗಳಿಗೇ ಹೋಯಿತು. ರಿಪೋರ್ಟ್ ಬಂದ ದಿನ ಹೊಟ್ಟೆ ತುಂಬ ಊಟ ಮಾಡುತ್ತಾನೆ, ನಗುತ್ತಾನೆ. ಮೂರನೇ ದಿನಕ್ಕೆ ಮತ್ತೆ ಮೊದಲಿನ ಹಾಗೇ.

ಅತ್ತೆ ಮಗಳು, 7:31
ಅಣ್ಣ, ನಾನು ತುಮಕೂರಲ್ಲಿ ಫಿಸಿಯೋ ಮಾಡುವವಳಾಗಿ ಹೇಳುತ್ತೇನೆ. ಎಂಆರ್‌ಐ ಈ ಕಾಯಿಲೆಯನ್ನು ಹಿಡಿದು ತೋರಿಸುವ ಪರೀಕ್ಷೆಯಲ್ಲ. ಬೆನ್ನುಹುರಿ ಒತ್ತಿಕೊಂಡಿದೆಯಾ, ಬೇರೆ ಏನಾದರೂ ಇದೆಯಾ ಅಂತ ನೋಡೋಕೆ ಮಾಡಿಸುತ್ತಾರೆ. ಡಾಕ್ಟರು ಕೈಯಾರೆ ಮಾಡುವ ಪರೀಕ್ಷೆ ಮತ್ತು ಇಎಂಜಿ ಇಲ್ಲಿ ಮುಖ್ಯ. ಎ.ಎಲ್.ಎಸ್.ನಲ್ಲಿ ಶಕ್ತಿ ಹೋಗುತ್ತದೆ. ಚಪ್ಪಲಿ ಕಾಲಿಂದ ಜಾರುತ್ತದೆ, ಗುಂಡಿ ಹಾಕೋಕೆ ಆಗಲ್ಲ, ಮಾತು ತೊದಲುತ್ತದೆ. ಹೊಸದಾಗಿ ಬರುವುದೂ ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ, ಅದೂ ಜಾಸ್ತಿ ವಯಸ್ಸಾದವರಿಗೆ. ಶಕ್ತಿ ಚೆನ್ನಾಗಿದ್ದು, ಇಎಂಜಿ ಚೆನ್ನಾಗಿದ್ದು, ಬರೀ ಅದುರುತ್ತಿದ್ದರೆ ಅದು ತೊಂದರೆ ಮಾಡದ ಅದುರು. ನಿದ್ದೆಗೆಟ್ಟರೆ, ಟೀ ಕಾಫಿ ಜಾಸ್ತಿಯಾದರೆ, ದುಡಿದು ದಣಿದರೆ, ಹೆದರಿಕೆಯಿದ್ದರೆ ಹೆಚ್ಚಾಗುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಇಂಥ 121 ಜನರನ್ನು ವರ್ಷಗಟ್ಟಲೆ, ಕೆಲವರನ್ನು 32 ವರ್ಷದವರೆಗೂ ಗಮನಿಸಿ 1993ರಲ್ಲಿ ಬರೆದಿದ್ದಾರೆ. ಒಬ್ಬರಿಗೂ ಆ ಕಾಯಿಲೆ ಬರಲಿಲ್ಲ.

ಅಣ್ಣ, 7:35
ಸರಿ, ಇದನ್ನೇ ಅವನಿಗೆ ದಿನಾ ಹೇಳಿದರಾಯಿತಲ್ಲ. ಓದಿ ಹೇಳು ಅವನಿಗೆ.

ನಾನು, 7:52
ಅವನಿಗೆ ಆ 121 ಬಾಯಿಪಾಠ ಅಣ್ಣ. ಅವನೇ ನನಗೆ ಮೊದಲು ಹೇಳಿದ್ದು. ಹೇಳಿ, ಆಮೇಲೆ "ಅಕ್ಕ, 122ನೆಯವನು ನಾನಾದರೆ?" ಅಂತ ಕೇಳಿದ. ವಯಸ್ಸಾದವರಿಗೆ ಜಾಸ್ತಿ ಬರೋದು ಅಂದರೆ, ಸ್ಟೀಫನ್ ಹಾಕಿಂಗ್‌ಗೆ 1963ರಲ್ಲಿ ಗೊತ್ತಾದಾಗ 21 ವರ್ಷ ಅನ್ನುತ್ತಾನೆ. ಅವರು 2018ರವರೆಗೂ, 76ನೇ ವಯಸ್ಸಿನವರೆಗೂ ಬದುಕಿದ್ದರು ಅನ್ನೋದು ಮಾತ್ರ ಅವನ ಕಿವಿಗೆ ಬೀಳುವುದೇ ಇಲ್ಲ. ನಾವು ಒಂದು ಉತ್ತರ ಕೊಟ್ಟರೆ ಅವನ ಹತ್ತಿರ ಎರಡು ಪ್ರಶ್ನೆ ಸಿದ್ಧವಾಗಿರುತ್ತದೆ.

ನಾನು ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಡೈರಿಗೆ ಹಾಲು ಹಾಕಿದ ಲೆಕ್ಕದ ಪುಸ್ತಕದ ಕೊನೆ ಹಾಳೆಗಳಲ್ಲಿ ಇವನ ಲೆಕ್ಕ ಇದೆ. ಎಡ 34, ಬಲ 34.5. ಅಮ್ಮನ ಹೊಲಿಗೆ ಟೇಪಿನಲ್ಲಿ ಮೀನಖಂಡದ ಸುತ್ತಳತೆ, ಸೆಂಟಿಮೀಟರಿನಲ್ಲಿ, ದಿನಕ್ಕೆ ಎರಡು ಸಲ. ಟೇಪು ಒಂದೇ ಜಾಗಕ್ಕೆ ಬರಲಿ ಅಂತ ಕಾಲಿಗೆ ಬಾಲ್‌ಪೆನ್ನಲ್ಲಿ ಗೆರೆ ಎಳೆದುಕೊಂಡಿದ್ದಾನೆ, ಸ್ನಾನ ಆದಮೇಲೆ ಮತ್ತೆ ತಿದ್ದುತ್ತಾನೆ. ಒಂದು ದಿನ ಎಡ 33.8 ಬಂತು. ಆ ಎರಡು ಮಿಲಿಮೀಟರ್‌ಗೆ ಎರಡು ದಿನ ಊಟ ಬಿಟ್ಟ.

ದೊಡ್ಡಮ್ಮ, 8:05
ಇದನ್ನೆಲ್ಲ ಗುಂಪಲ್ಲಿ ಹೇಳಬೇಕಾ? ಹುಡುಗನಿಗೆ ಹೆಣ್ಣು ನೋಡುತ್ತಿದ್ದೇವೆ. ಗಂಡುಹುಡುಗ, ಸ್ವಲ್ಪ ಧೈರ್ಯ ತಂದುಕೊಳ್ಳಬೇಕು. ಕೈವಾರಕ್ಕೆ ಹೋಗಿ ತಾತಯ್ಯನಿಗೆ ಕೈ ಮುಗಿದು ಬನ್ನಿ, ಸರಿಹೋಗುತ್ತದೆ.

ನಾನು, 8:20
ಕೈವಾರಕ್ಕೆ ಹೋಗೋಣ ದೊಡ್ಡಮ್ಮ, ನೀವೂ ಬನ್ನಿ. ಆದರೆ ಧೈರ್ಯ ತಂದುಕೋ ಅಂತ ಅವನಿಗೆ ಹೇಳಬೇಡಿ. ಭಯ ಅವನ ಕೈಯಲ್ಲಿದ್ದಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದ. ಕಾಲು ಅದುರುವುದು ಸುಳ್ಳಲ್ಲ, ನಾನೇ ನೋಡಿದ್ದೇನೆ, ಚರ್ಮದ ಕೆಳಗೆ ಹುಳು ಹರಿದ ಹಾಗೆ ಕಾಣುತ್ತದೆ. ಹುಳು ನಾಲ್ಕನೇ ಜ್ವರ ಎದ್ದಾಗಿನಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಾಗಿನಿಂದ, ರಾತ್ರಿ ಹನ್ನೊಂದಕ್ಕೊಂದು ಸಲ, ಬೆಳಗಿನ ಜಾವ ನಾಲ್ಕಕ್ಕೊಂದು ಸಲ ಸೊಪ್ಪು ಹಾಕುತ್ತಾನೆ, ನಡುವೆ ಟೀ ಕುಡಿದುಕೊಂಡು ಫೋನಲ್ಲಿ ಇದನ್ನೇ ಹುಡುಕುತ್ತಾನೆ, ಅದುರದೆ ಇನ್ನೇನಾಗುತ್ತದೆ? ಅದುರಿದರೆ ಭಯ, ಭಯಕ್ಕೆ ನಿದ್ದೆಯಿಲ್ಲ, ನಿದ್ದೆಯಿಲ್ಲದ್ದಕ್ಕೆ ಇನ್ನೂ ಅದುರು.

ಎರಡನೇ ಡಾಕ್ಟರು ಬಿಡಿಸಿ ಹೇಳಿದರು. ನರಕ್ಕೆ ಏನೂ ಆಗಿಲ್ಲ, ಭಯಕ್ಕೆ ಚಿಕಿತ್ಸೆ ಬೇಕು, ಮಾನಸಿಕ ತಜ್ಞರನ್ನು ನೋಡಿ ಅಂತ. ಅದಕ್ಕೆ ಮಾತ್ರೆ ಇದೆ, ಕೂತು ಮಾತಾಡಿ ಕಲಿಸುವ ಥೆರಪಿಯೂ ಇದೆ. ದಿನಕ್ಕೆ ಎರಡು ಸಲ ಅಳೆಯುವವನು ಒಂದು ಸಲಕ್ಕೆ ಇಳಿಸಬೇಕು, ಆಮೇಲೆ ವಾರಕ್ಕೆ, ಆಮೇಲೆ ಬಿಡಬೇಕು. ಅವನು "ನನಗೆ ಏನೂ ಆಗಿಲ್ಲ ಅಲ್ವಾ" ಅಂತ ಕೇಳಿದಾಗಲೆಲ್ಲ "ಆಗಿಲ್ಲ ಕಣೋ" ಅನ್ನುವುದನ್ನು ನಾವೂ ಕಮ್ಮಿ ಮಾಡಬೇಕು. ನನಗೆ ತುಂಬ ಕಷ್ಟ ಆಗಿದ್ದು ಇದೇ. ತಮ್ಮ ಹಾಗೆ ನೋಡುವಾಗ ಸುಮ್ಮನೆ ಇರೋಕೆ ಆಗಲ್ಲ.

ದೊಡ್ಡಮ್ಮ, 8:24
ಮಾನಸಿಕ ಡಾಕ್ಟರಾ? ಗೊತ್ತಾದರೆ ಯಾರು ಹೆಣ್ಣು ಕೊಡುತ್ತಾರೆ?

ಅತ್ತೆ ಮಗಳು, 8:30
ಅತ್ತೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೆ ನರದ ವಿಭಾಗ, ಮನಸ್ಸಿನ ವಿಭಾಗ ಎರಡೂ ಒಂದೇ ಕಾಂಪೌಂಡಿನಲ್ಲಿವೆ. 1974ರಲ್ಲಿ ಆ ಸಂಸ್ಥೆ ಕಟ್ಟಿದಾಗಲೇ ಹೆಸರಲ್ಲೇ ಎರಡನ್ನೂ ಸೇರಿಸಿದ್ದಾರೆ. ಅಷ್ಟು ದೂರ ಬೇಡ ಅಂದರೆ ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕ್ಲಿನಿಕ್ ಇರುತ್ತದೆ, ಮಾನಸಿಕ ತಜ್ಞರು ಬರುತ್ತಾರೆ. ರಾತ್ರಿ ಹೊತ್ತು ತಡೆಯೋಕೆ ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ತಮ್ಮ, 9:17
ಎಲ್ಲ ಓದಿದೆ. ಚಿಕ್ಕಪ್ಪನ ಮೇಲೆ ನನಗೆ ಕೋಪ ಇಲ್ಲ. ಅವರು ಹಾಕದಿದ್ದರೂ ನಾನೇ ಹುಡುಕಿಕೊಂಡು ನೋಡುತ್ತಿದ್ದೆ.

ಇಎಂಜಿ ಮಾಡುವಾಗ ಕಾಲಿಗೆ ಸೂಜಿ ಚುಚ್ಚಿ ಬಿಗಿ ಮಾಡು ಅಂದರು. ಮಿಷಿನ್ ಸ್ಟೇಷನ್ ಸಿಗದ ರೇಡಿಯೋ ಹಾಗೆ ಜೋರಾಗಿ ಸದ್ದು ಮಾಡಿತು. ಸಡಿಲ ಬಿಡು ಅಂದರು, ಬಿಟ್ಟೆ. ಸದ್ದೇ ಇಲ್ಲ. ಈ ನಿಶ್ಶಬ್ದವೇ ಒಳ್ಳೆಯದು, ನರ ಸಾಯುತ್ತಿದ್ದರೆ ಸಡಿಲ ಬಿಟ್ಟಾಗಲೂ ಮಾಂಸಖಂಡ ತಾನೇ ಸದ್ದು ಮಾಡುತ್ತದೆ ಅಂದರು. ಅಲ್ಲೇ ಅತ್ತುಬಿಟ್ಟೆ. ಬಸ್ಸು ದೇವನಹಳ್ಳಿ ಪಕ್ಕದ ವಿಜಯಪುರ ದಾಟುವ ಹೊತ್ತಿಗೆ, ಸೂಜಿ ಹಾಕಿದ ಜಾಗ ಬೇರೆ, ಅದುರುವ ಜಾಗ ಬೇರೆ ಅಲ್ವಾ ಅಂತ ಶುರುವಾಯಿತು.

ನನಗೆ ಸಾಕಾಗಿದೆ. ಹೋಗುತ್ತೇನೆ. ಆದರೆ ಈ ಮಂಗಳವಾರ ಹುಳು ಹಣ್ಣಾಗಿ ಗೂಡು ಕಟ್ಟೋಕೆ ಬರುತ್ತದೆ. ಬಿಟ್ಟು ಹೇಗೆ ಬರಲಿ, ಅಮ್ಮ ಒಬ್ಬಳ ಕೈಲಿ ಆಗಲ್ಲ. ಮುಂದಿನ ವಾರ ನೋಡೋಣ.

ನಾನು, 9:19
ಹೋದ ಬೆಳೆಯಲ್ಲೂ ಹೀಗೇ ಅಂದೆ ಕಣೋ.

ಚಿಕ್ಕಪ್ಪ, 9:26
ಈ ಸಂದೇಶವನ್ನು ಅಳಿಸಲಾಗಿದೆ

ಚಿಕ್ಕಪ್ಪ, 9:33
ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡೋಕೆ ನಾನು, ನಿಮ್ಮ ಚಿಕ್ಕಮ್ಮ ಬರುತ್ತೇವೆ. ಸೋಮವಾರ ರಾತ್ರಿಯೇ ಬಂದು ಅಲ್ಲೇ ಮಲಗುತ್ತೇವೆ, ನಾಲ್ಕು ಗಂಟೆ ಸೊಪ್ಪು ನನಗೆ ಬಿಡು. ನೀನು ಮಲಗಿ ಎದ್ದು ಅಕ್ಕನ ಜೊತೆ ಹೋಗು ಮಗಾ.

ತಮ್ಮ, 9:35
ಸರಿ ಚಿಕ್ಕಪ್ಪ.